ವಿಕಿರಣವಿರುವ ಕೋಣೆಯಲ್ಲಿ ಚೈನ್ ಬ್ಲಾಕ್ ಎಳೆದ ದಿನ

ಆ ವಾಲ್ವ್‌ನ ತೂಕ 380 ಕೆಜಿ. ಹೊರಗಡೆ ಯಾವುದಾದರೂ ವರ್ಕ್‌ಶಾಪಿನಲ್ಲಿ ಇದ್ದಿದ್ದರೆ ಇಬ್ಬರು ಸೇರಿ ಅರ್ಧ ಗಂಟೆಯಲ್ಲಿ ಇಳಿಸಿಬಿಡುತ್ತಿದ್ದೆವು. ಮೇಲೆ ತೊಲೆಗೆ ಒಂದು ಟನ್ ಎತ್ತಬಲ್ಲ ಚೈನ್ ಬ್ಲಾಕ್ (ಕೈಯಲ್ಲಿ ಚೈನು ಎಳೆದು ಭಾರ ಎತ್ತುವ ಸಾಧನ), ಕೆಳಗೆ ಹೊರೆಗೆ ಸುತ್ತುವ ಎರಡು ಪಟ್ಟಿ, ಅಂದರೆ ಸ್ಲಿಂಗ್, ಅಷ್ಟು ಸಾಕು. ಆದರೆ ಈ ವಾಲ್ವ್ ಇದ್ದದ್ದು ಅಣು ವಿದ್ಯುತ್ ಸ್ಥಾವರದೊಳಗಿನ ಒಂದು ಇಕ್ಕಟ್ಟಾದ ಪೈಪ್ ಕೋಣೆಯಲ್ಲಿ. ಅದನ್ನು ಇಳಿಸಲು ನಮಗೆ 12 ದಿನದ ತಯಾರಿ ಬೇಕಾಯಿತು. ಕೋಣೆಯೊಳಗೆ ಮಾಡಿದ ಕೆಲಸ ಎಲ್ಲಾ ಸೇರಿ ಒಂದು ಗಂಟೆಯೂ ಆಗಲಿಲ್ಲ.

ಅಷ್ಟು ಹೊತ್ತಿಗೆ ನಾನು ರಿಗ್ಗಿಂಗ್ ಕೆಲಸದಲ್ಲಿ, ಅಂದರೆ ಭಾರ ಕಟ್ಟಿ ಎತ್ತಿ ಇಳಿಸುವ ಕೆಲಸದಲ್ಲಿ, 11 ವರ್ಷ ಕಳೆದಿದ್ದೆ. ಭಾರ ಎತ್ತುವುದು ಗೊತ್ತಿತ್ತು. ವಿಕಿರಣ ಗೊತ್ತಿರಲಿಲ್ಲ. ಎರಡನ್ನೂ ಒಂದೇ ಕೆಲಸದಲ್ಲಿ ಹೊಂದಿಸುವುದು ಹೇಗೆ ಅಂತ ಆ 12 ದಿನದಲ್ಲಿ ಕಲಿತೆ. ಇಂಥ ಕೆಲಸಕ್ಕೆ ಮೊದಲ ಸಲ ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಕರೆಂಟಿನ ಹಾಯಿಸ್ಟ್ ಬಿಟ್ಟು ಕೈಯಲ್ಲಿ ಎಳೆಯುವ ಚೈನ್ ಬ್ಲಾಕ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ದೊಡ್ಡ ಕ್ರೇನ್ ಆ ಕೋಣೆಗೆ ತಲುಪುವುದಿಲ್ಲ. ಎಷ್ಟೋ ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಮೋಟಾರು, ವೈರು ಎಲ್ಲಾ ಒಳಗೆ ಕೊಂಡೊಯ್ದರೆ ಅಷ್ಟಕ್ಕೂ ವಿಕಿರಣದ ಧೂಳು ಹತ್ತುತ್ತದೆ. ಚೈನ್ ಬ್ಲಾಕ್‌ನಲ್ಲಿ ಬಿಡಿಭಾಗ ಕಡಿಮೆ. ಹೊರೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಏರಿಸಬಹುದು, ಇಳಿಸಬಹುದು. ಇನ್ನೊಂದು ಅನುಕೂಲವೂ ಇದೆ. ನಾವು ಹಿಡಿದು ಎಳೆಯುವ ಕೈ ಚೈನಿನಿಂದಲೇ ಹೊರೆ ಎಷ್ಟು ಬಿಗಿಯಾಗುತ್ತಿದೆ ಅಂತ ಗೊತ್ತಾಗುತ್ತದೆ. ಆ ದಿನ ನಮ್ಮನ್ನು ಕಾಪಾಡಿದ್ದರಲ್ಲಿ ಅದೂ ಒಂದು.

ಮೊದಲ ದಿನದ ತರಗತಿಯಲ್ಲಿ ಹೆಲ್ತ್ ಫಿಸಿಕ್ಸ್ (ಕೆಲಸಗಾರರನ್ನು ವಿಕಿರಣದಿಂದ ಕಾಪಾಡುವ ವಿಭಾಗ) ಮೇಡಂ ಬೋರ್ಡಿನ ಮೇಲೆ ಮೂರೇ ಮಾತು ಬರೆದರು. ಸಮಯ, ದೂರ, ತಡೆ. ವಿಕಿರಣದ ಹತ್ತಿರ ಇರುವ ಹೊತ್ತು ಕಡಿಮೆ ಮಾಡಿ. ಆದಷ್ಟು ದೂರ ನಿಲ್ಲಿ. ನಡುವೆ ಸೀಸದಂಥದ್ದು ಏನಾದರೂ ಇರಲಿ. ಕೇಳಲು ಸುಲಭ. ಆದರೆ ನನ್ನ ಮನಸ್ಸಿನಲ್ಲಿ ಒಂದು ಗೊಂದಲ ಎದ್ದಿತು. ಭಾರ ಎತ್ತುವ ಕೆಲಸದಲ್ಲಿ ನನಗೆ ಕಲಿಸಿದ ಮೊದಲ ಪಾಠ ಅವಸರ ಬೇಡ ಅನ್ನುವುದು. ಸ್ವಲ್ಪ ಎತ್ತು, ನಿಲ್ಲಿಸು, ಸುತ್ತ ನೋಡು, ಮತ್ತೆ ಎತ್ತು. ಇಲ್ಲಿ ನೋಡಿದರೆ ಒಂದೊಂದು ನಿಮಿಷಕ್ಕೂ ಲೆಕ್ಕ. ಹಾಗಾದರೆ ಬೇಗ ಬೇಗ ಎತ್ತಬೇಕಾ?

ಸಂಜೆ ಮೇಸ್ತ್ರಿಯವರ ಹತ್ತಿರ ಇದನ್ನೇ ಕೇಳಿದೆ. ಅವರು ಇಂಥ ಕೋಣೆಗಳಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. "ಯೋಚನೆ ಮಾಡೋದನ್ನ ಹೊರಗೇ ಮುಗಿಸ್ಕೊಂಡು ಬಾ. ಒಳಗೆ ನಿಂತು ಯೋಚನೆ ಮಾಡಿದ್ರೆ ಅದಕ್ಕೂ ಡೋಸ್ ಬರುತ್ತೆ. ಎಳೆಯೋದು ಮಾತ್ರ ಹೊರಗೆ ಎಷ್ಟು ನಿಧಾನವೋ ಒಳಗೂ ಅಷ್ಟೇ ನಿಧಾನ," ಅಂದರು. ಡೋಸ್ ಅಂದರೆ ಮೈಗೆ ತಾಗುವ ವಿಕಿರಣದ ಪ್ರಮಾಣ. ನಮ್ಮ 12 ದಿನ ಅವರು ಹೇಳಿದ್ದರ ಹಿಂದೆಯೇ ಹೋಯಿತು.

ಮೇಡಂ ಆ ಕೋಣೆಯ ನಕ್ಷೆ ಕೊಟ್ಟಿದ್ದರು. ಅಳತೆ ಮಾಡಿದ್ದು ಪೈಪಿನ ನೀರು ಖಾಲಿ ಮಾಡಿದ ಮೇಲೆ. ಇದು ಮುಖ್ಯ, ಯಾಕಂದರೆ ನೀರೂ ಒಂದು ತಡೆಯೇ. ನೀರು ಹೋದ ಮೇಲೆ ಒಳಗೆ ಅಂಟಿಕೊಂಡಿದ್ದರ ವಿಕಿರಣ ಹೊರಗೆ ಜಾಸ್ತಿ ಕಾಣುತ್ತದೆ. ವಾಲ್ವ್‌ನ ಮೈಗೆ ಮುಟ್ಟಿಸಿ ಅಳೆದರೆ ಗಂಟೆಗೆ 3 ಮಿಲಿಸೀವರ್ಟ್. ಸೀವರ್ಟ್ ಅನ್ನುವುದು ಡೋಸ್ ಅಳೆಯುವ ಮಾನ, ಒಂದು ಮಿಲಿಸೀವರ್ಟ್ ಅಂದರೆ 1000 ಮೈಕ್ರೋಸೀವರ್ಟ್. ಅರ್ಧ ಮೀಟರ್ ದೂರದಲ್ಲಿ 400 ಮೈಕ್ರೋಸೀವರ್ಟ್. ಒಂದು ಮೀಟರ್‌ನಲ್ಲಿ 100. ಎರಡು ಮೀಟರ್‌ನಲ್ಲಿ 25. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದಾಗುತ್ತದೆ. ಸಣ್ಣ ಮೂಲಕ್ಕೆ ಈ ಲೆಕ್ಕ ಸರಿ ಹೋಗುತ್ತದೆ. ಉದ್ದ ಪೈಪಿನ ಪಕ್ಕದಲ್ಲಿ ಇಷ್ಟು ಬೇಗ ಇಳಿಯುವುದಿಲ್ಲ.

ಆ ಕಾಗದವನ್ನು ನಾನು ರಿಗ್ಗರ್ ಕಣ್ಣಿನಿಂದ ನೋಡಿದೆ. ಸ್ಲಿಂಗ್ ಹಾಕುವುದು ಅರ್ಧ ಮೀಟರ್‌ನ ಕೆಲಸ. ಕೈ ಚೈನು ಎಳೆಯುವುದನ್ನು ಎರಡು ಮೀಟರ್‌ನಲ್ಲಿ ನಿಂತು ಮಾಡಬಹುದು. ಅಂದರೆ ಎಳೆಯಲು ನಾನು 16 ನಿಮಿಷ ತೆಗೆದುಕೊಂಡರೂ ಅದು ಸ್ಲಿಂಗ್ ಹಾಕುವ ಒಂದು ನಿಮಿಷಕ್ಕೆ ಸಮ. ಕಡಿಮೆ ಮಾಡಬೇಕಾದದ್ದು ಎಳೆಯುವ ಹೊತ್ತನ್ನಲ್ಲ, ಸ್ಲಿಂಗ್ ಹಾಕುವ ಹೊತ್ತನ್ನು. ಇದು ತಲೆಗೆ ಹೋದ ಮೇಲೆ ನನ್ನ ಗೊಂದಲ ಅರ್ಧ ತೀರಿತು.

ಡೋಸ್ ಮಿತಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಶಿಫಾರಸಿನಂತೆ ಕೆಲಸಗಾರನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 50ಕ್ಕಿಂತ ಜಾಸ್ತಿ ಇರಬಾರದು. ಕೈಗಳಿಗೆ ವರ್ಷಕ್ಕೆ 500. ನೆಲ, ಗಾಳಿ, ಆಹಾರ, ಆಕಾಶದಿಂದ ಎಲ್ಲರಿಗೂ ಬರುವ ಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ನಮ್ಮ ಕೆಲಸಕ್ಕೆ ನನ್ನ ಪಾಲಿಗೆ ಹಾಕಿದ್ದ ಅಂದಾಜು 45 ಮೈಕ್ರೋಸೀವರ್ಟ್. ಮಿತಿಗೆ ಹೋಲಿಸಿದರೆ ತುಂಬಾ ಕಡಿಮೆ. ಆದರೂ ಮಿತಿಯೊಳಗೆ ಇದ್ದೇವಲ್ಲ ಅಂತ ಸುಮ್ನೆ ಇರುವ ಹಾಗಿಲ್ಲ. ಸಾಧ್ಯವಾದಷ್ಟು ಕಡಿಮೆ ಮಾಡಲೇಬೇಕು.

ಅಭ್ಯಾಸಕ್ಕೆ ಹೊರಗೆ ಒಂದು ಕೋಣೆ ಕಟ್ಟಿದ್ದರು. ಅದೇ ಅಗಲ, ಅದೇ ಎತ್ತರ, ಅದೇ ತೂಕದ ಹಳೆಯ ವಾಲ್ವ್. ಮೊದಲ ದಿನ ಮಾಮೂಲಿ ಬಟ್ಟೆಯಲ್ಲಿ ಮಾಡಿದೆವು. ಎರಡನೇ ದಿನದಿಂದ ಪೂರ್ತಿ ಉಡುಪು. ಎರಡು ಪದರದ ಕವರಾಲ್, ಒಳಗೆ ಹತ್ತಿಯ ಕೈಗವಸು, ಮೇಲೆ ಎರಡು ಜೊತೆ ರಬ್ಬರ್ ಕೈಗವಸು, ಕಾಲಿಗೆ ಎರಡು ಜೊತೆ ಕವರ್, ಮುಖ ಪೂರ್ತಿ ಮುಚ್ಚುವ ಮಾಸ್ಕ್. ಹನ್ನೊಂದು ವರ್ಷದ ಕೈ ಅಭ್ಯಾಸ ಅರ್ಧ ಹೋಯಿತು. ಸ್ಲಿಂಗನ್ನು ಹುಕ್ಕಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್‌ನ ಪಿನ್ ತಿರುಗಿಸಲು ಬೆರಳಿಗೆ ಹಿಡಿತ ಸಿಗುವುದಿಲ್ಲ. ಕೈ ಚೈನು ಜಾರುತ್ತದೆ. ಕೈಗವಸಿನ ತುದಿ ಸಡಿಲವಾಗಿದ್ದರೆ ಚೈನು ಅದನ್ನೂ ಎಳೆದುಕೊಂಡು ಚಕ್ರಕ್ಕೆ ಹೋಗುತ್ತದೆ. ಹಾಗಾಗಿ ಅಳತೆಗೆ ಸರಿಯಾದ ಕೈಗವಸನ್ನೇ ಆರಿಸಿ, ಮಣಿಕಟ್ಟಿಗೆ ಟೇಪ್ ಸುತ್ತುವುದು ಕಡ್ಡಾಯ ಮಾಡಿದರು.

ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಕಿವಿಯ ವಿಷಯ. ಚೈನ್ ಬ್ಲಾಕ್ ಏರಿಸುವಾಗ ಒಳಗಿನ ಹಲ್ಲುಚಕ್ರದ ಮೇಲೆ ಕೊಕ್ಕೆ ಬೀಳುವ ಟಿಕ್ ಟಿಕ್ ಸದ್ದು ಬರುತ್ತದೆ. ಆ ಸದ್ದು ಬರುತ್ತಿದ್ದರೆ ಕೊಕ್ಕೆ ಹಲ್ಲು ಹಿಡಿಯುತ್ತಿದೆ ಅಂತ ಅರ್ಥ. ಏರಿಸುವಾಗ ಸದ್ದು ನಿಂತರೆ ಎಳೆಯುವುದನ್ನೂ ನಿಲ್ಲಿಸಬೇಕು. ಇಳಿಸುವಾಗ ಸದ್ದಿರುವುದಿಲ್ಲ, ಅದು ಸಹಜ. ಮಾಸ್ಕ್ ಹಾಕಿಕೊಂಡು, ಪಕ್ಕದಲ್ಲಿ ಗಾಳಿ ಎಳೆಯುವ ಯಂತ್ರ ಓಡುತ್ತಿದ್ದರೆ ಆ ಟಿಕ್ ಟಿಕ್ ಕೇಳಿಸುವುದೇ ಇಲ್ಲ! ಹೊರಗೆ ನಾವು ಗೊತ್ತಿಲ್ಲದೆಯೇ ಕಿವಿಯನ್ನು ಎಷ್ಟು ನಂಬಿಕೊಂಡಿರುತ್ತೇವೆ ಅಲ್ವಾ? ಮೇಸ್ತ್ರಿ ಒಂದು ಉಪಾಯ ಕಲಿಸಿದರು. ಹೊರೆ 5 ಸೆಂಟಿಮೀಟರ್ ಎದ್ದ ತಕ್ಷಣ ಕೈ ಚೈನು ಬಿಟ್ಟುಬಿಡು. ಹಿಂದೆ ಸರಿದು ನಿಲ್ಲು. ಹೊರೆ ತೂಗುವ ಲೋಡ್ ಚೈನಿಗೆ ಮೊದಲೇ ಬಿಳಿ ಗುರುತು ಹಾಕಿರು. ಎರಡು ನಿಮಿಷ ಆ ಗುರುತು ಕದಲದಿದ್ದರೆ ಬ್ರೇಕ್ ಹಿಡಿದಿದೆ. ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟ ಹಾಗೆ. ಆ ಎರಡು ನಿಮಿಷವನ್ನು ದೂರದ ಮೂಲೆಯಲ್ಲಿ ನಿಂತು ಕಳೆಯಬಹುದು.

ಆರು ಸಲ ಅಭ್ಯಾಸ ಮಾಡಿದೆವು. ಮೊದಲ ಸಲ ಸ್ಲಿಂಗ್ ಹಾಕಿ ಹುಕ್ಕಿಗೆ ಸೇರಿಸಲು 9 ನಿಮಿಷ ಹಿಡಿಯಿತು. ಆರನೇ ಸಲ 3 ನಿಮಿಷ. ಕೈ ವೇಗ ಹೆಚ್ಚಿದ್ದಕ್ಕೆ ಅಲ್ಲ. ಸ್ಲಿಂಗ್ ಎರಡನ್ನೂ ಶ್ಯಾಕಲ್‌ಗೆ ಹೊರಗೇ ಜೋಡಿಸಿಕೊಂಡು ಹೋದೆವು. ಯಾರು ಯಾವ ಬದಿ ನಿಲ್ಲಬೇಕು, ಯಾವ ಕೈಯಲ್ಲಿ ಏನು ಹಿಡಿಯಬೇಕು ಅಂತ ತೀರ್ಮಾನ ಮಾಡಿಕೊಂಡೆವು. ಮಾತಿಲ್ಲದೆ ಕೈಸನ್ನೆಯಲ್ಲೇ ಕೆಲಸ ನಡೆಯುವಂತೆ ಮಾಡಿಕೊಂಡೆವು. ಏರಿಸು, ಇಳಿಸು ಅನ್ನುವ ಸನ್ನೆ ಕೊಡುವುದು ಮೇಸ್ತ್ರಿ ಒಬ್ಬರೇ. ನಿಲ್ಲಿಸು ಅನ್ನುವ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು.

ಸ್ಲಿಂಗ್‌ಗಳ ಕೋನದ ಲೆಕ್ಕವನ್ನೂ ಹೊರಗೇ ಮುಗಿಸಿದ್ದೆವು. ಎರಡು ಕಾಲಿನ ಸ್ಲಿಂಗ್ ನೆಲಮಟ್ಟಕ್ಕೆ 60 ಡಿಗ್ರಿ ಇದ್ದರೆ 380 ಕೆಜಿ ಹೊರೆಗೆ ಒಂದೊಂದು ಕಾಲಿನ ಮೇಲೆ ಸುಮಾರು 220 ಕೆಜಿ ಎಳೆತ ಬೀಳುತ್ತದೆ. ಜಾಗ ಸಾಲದು ಅಂತ ಗಿಡ್ಡ ಸ್ಲಿಂಗ್ ಹಾಕಿ ಕೋನ 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ 380 ಕೆಜಿ. ಸೂರು ತಗ್ಗಾದ ಕೋಣೆಗಳಲ್ಲಿ ಈ ತಪ್ಪು ತುಂಬಾ ಸುಲಭವಾಗಿ ಆಗುತ್ತದೆ.

ಇನ್ನು ಸಲಕರಣೆಯ ತಯಾರಿ. ಇದಕ್ಕೆ ಹಿಡಿದ ಹೊತ್ತು ನೋಡಿ ಮೊದಲು ನನಗೆ ಬೇಸರ ಆಗಿತ್ತು. ಆಮೇಲೆ ನನಗೆ ತುಂಬಾ ಹಿಡಿಸಿದ ಭಾಗವೂ ಇದೇ.

ಚೈನ್ ಬ್ಲಾಕ್‌ನ ತಪಾಸಣೆ ಪೂರ್ತಿ ಮುಗಿಯುವವರೆಗೆ ಅದಕ್ಕೆ ಪ್ಲಾಸ್ಟಿಕ್ ಸುತ್ತಬಾರದು. ಸುತ್ತಿದ ಮೇಲೆ ಏನೂ ಕಾಣುವುದಿಲ್ಲ. ಹುಕ್ಕಿನ ಬಾಯಿ ಅಗಲವಾಗಿದೆಯಾ, ತಿರುಚಿದೆಯಾ, ಲ್ಯಾಚ್ ತಾನಾಗಿ ಮುಚ್ಚುತ್ತದಾ, ಲೋಡ್ ಚೈನಿನ ಕೊಂಡಿಗಳು ಒಂದಕ್ಕೊಂದು ಉಜ್ಜುವ ಕಡೆ ಸವೆದಿವೆಯಾ, ಎಲ್ಲಾ ನೋಡಿದೆವು. ಎತ್ತಬಹುದಾದ ಭಾರದ ಶೇ. 125ರಷ್ಟು ಹೊರೆ ಹಾಕಿ ಪರೀಕ್ಷೆ ಮಾಡಿದ ಚೀಟಿ ನೋಡಿದೆವು. ಬ್ರೇಕ್ ಒಣ ತಟ್ಟೆಗಳದ್ದು. ಆ ತಟ್ಟೆಗಳಿಗೆ ಎಣ್ಣೆ ತಾಗಿದರೆ ಹೊರೆ ಜಾರುತ್ತದೆ. ಹೊರಗಿನ ಕೆಲಸದಲ್ಲಿ ನಾವು ಲೋಡ್ ಚೈನಿಗೆ ಎಣ್ಣೆ ಚೆನ್ನಾಗಿಯೇ ಬಿಡುತ್ತೇವೆ. ಇಲ್ಲಿ ಬಟ್ಟೆಗೆ ಸ್ವಲ್ಪ ಎಣ್ಣೆ ಹಚ್ಚಿ ಚೈನಿನ ಮೇಲೆ ತೆಳ್ಳಗೆ ಒರೆಸಿದೆವು, ಅಷ್ಟೇ. ಎಣ್ಣೆ, ಗ್ರೀಸ್ ಜಾಸ್ತಿ ಇದ್ದ ಕಡೆ ವಿಕಿರಣದ ಧೂಳು ಅಂಟಿ ಕೂರುತ್ತದೆ. ಆಮೇಲೆ ತೆಗೆಯುವುದು ಬಹಳ ಕಷ್ಟ.

ಸುತ್ತುವುದಕ್ಕೂ ಒಂದು ಕ್ರಮ ಇದೆ. ಬ್ಲಾಕ್‌ನ ಮೈಗೆ ಪಾರದರ್ಶಕ ಪಾಲಿಥಿನ್ ಚೀಲ. ಪಾರದರ್ಶಕ ಯಾಕಂದರೆ ಎಷ್ಟು ಭಾರ ಎತ್ತಬಹುದು ಅಂತ ಬರೆದಿರುವ ಫಲಕ ಓದಲು ಸಿಗಬೇಕು. ಲೋಡ್ ಚೈನಿಗೆ ಉದ್ದನೆಯ ಪ್ಲಾಸ್ಟಿಕ್ ತೋಳು. ಆ ತೋಳು ಬ್ಲಾಕ್‌ನಿಂದ ಒಂದು ಗೇಣು ಕೆಳಗೇ ನಿಲ್ಲಬೇಕು. ಮೇಲಕ್ಕೆ ಸರಿದು ಚೈನಿನ ಜೊತೆ ಚಕ್ರದೊಳಗೆ ಹೋದರೆ ಚೈನು ಸಿಕ್ಕಿಹಾಕಿಕೊಳ್ಳುತ್ತದೆ. ಅಭ್ಯಾಸದಲ್ಲಿ ನಮಗೆ ಒಮ್ಮೆ ಹಾಗೇ ಆಯಿತು. ಆಮೇಲೆ ತೋಳಿನ ಮೇಲ್ತುದಿಗೆ ದಾರ ಕಟ್ಟಿ ಕೆಳಗಿನ ಹುಕ್ಕಿಗೆ ಬಿಗಿದೆವು. ಹುಕ್ಕಿಗೆ ಸುತ್ತಿದ ಟೇಪು ಲ್ಯಾಚ್‌ನ ಓಡಾಟಕ್ಕೆ ಅಡ್ಡ ಬರಬಾರದು. ಟೇಪಿನಲ್ಲೂ ಕ್ಲೋರೈಡ್ ಕಡಿಮೆ ಇರುವ ಬಗೆಯೇ ಬೇಕು, ಯಾಕಂದರೆ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್ ಪೈಪಿಗೆ ತಾಗಿ ಉಳಿದರೆ ಮುಂದೆ ಬಿರುಕು ಬಿಡಬಹುದು. ಕೈ ಚೈನಿಗೆ ತೋಳು ಹಾಕುವ ಹಾಗಿಲ್ಲ, ಅದು ಸುತ್ತುತ್ತಲೇ ಇರಬೇಕು. ಅದು ನೆಲಕ್ಕೆ ತಾಗದಂತೆ ಕೆಳಗೆ ಒಂದು ಬಕೆಟ್ ಇಟ್ಟೆವು.

ಸ್ಲಿಂಗ್‌ಗೆ ಪಾಲಿಯೆಸ್ಟರ್ ಆರಿಸಿದೆವು, ಒಂದು ಟನ್ನಿನ ನೇರಳೆ ಬಣ್ಣದ್ದು. ಬಟ್ಟೆಯ ನೂಲಿನೊಳಗೆ ಹೋದ ಧೂಳು ತೊಳೆದರೂ ಬರುವುದಿಲ್ಲ. ಅದಕ್ಕೇ ಅದನ್ನು ಒಂದೇ ಸಲದ ಸಾಮಾನು ಅಂತ ಲೆಕ್ಕ ಹಾಕಿದೆವು. ಉಕ್ಕಿನ ಹಗ್ಗವಾದರೆ ಎಳೆಗಳ ನಡುವಿನ ಗ್ರೀಸಿನಲ್ಲಿ ಧೂಳು ಸೇರಿ, ಅದೂ ಅಲ್ಲೇ ಉಳಿಯುತ್ತಿತ್ತು.

ಇಷ್ಟೆಲ್ಲಾ ಆದ ಮೇಲೆ ಮೇಸ್ತ್ರಿ ಮೇಡಂ ಹತ್ತಿರ ಒಂದು ಪ್ರಶ್ನೆ ಕೇಳಿದರು. "ಮೇಡಂ, ಈ ಅಳತೆ ಎಲ್ಲಾ ಎದೆ ಮಟ್ಟದ್ದು. ಹುಡುಗ ಏಣಿ ಹತ್ತಿ ಬ್ಲಾಕ್ ತೂಗು ಹಾಕ್ಬೇಕಲ್ಲ, ಅಲ್ಲಿ ಅವನ ತಲೆ ಹತ್ರ ಎಷ್ಟಿದೆ?" ಮೇಡಂ ಉದ್ದ ಕೋಲಿನ ಮೀಟರ್ ಹಿಡಿದು ಮತ್ತೆ ಒಳಗೆ ಹೋಗಿ ಅಳೆದರು. ತೊಲೆಯ ಪಕ್ಕದಲ್ಲೇ ಹಾದುಹೋಗುವ ಇನ್ನೊಂದು ಪೈಪಿನ ಮೊಣಕೈಯಲ್ಲಿ, ಅಂದರೆ ಅದು ಬಾಗುವ ಕಡೆ, ವಿಕಿರಣ ಸೂಸುವ ಕಿಟ್ಟ ಕಟ್ಟಿತ್ತು. ತಲೆ ಬರುವ ಜಾಗದಲ್ಲಿ ಗಂಟೆಗೆ 900 ಮೈಕ್ರೋಸೀವರ್ಟ್! ವಾಲ್ವ್ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಎರಡು ಪಟ್ಟು ಜಾಸ್ತಿ. ಭಾರ ಎತ್ತುವವರು ಮೇಲಕ್ಕೆ ಹೋಗಿಯೇ ಹೋಗುತ್ತಾರೆ. ನಕ್ಷೆಯಲ್ಲಿ ಮೇಲಿನ ಅಳತೆ ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಬೇಕು ಅಂತ ಅವತ್ತು ಗಟ್ಟಿಯಾಗಿ ಮನಸ್ಸಿನಲ್ಲಿ ಬರೆದುಕೊಂಡೆ.

ಆ ಮೊಣಕೈಗೆ ಸೀಸದ ಹೊದಿಕೆ ಹಾಕುವುದೇ ಒಂದು ಬೇರೆ ಎತ್ತುವ ಕೆಲಸವಾಯಿತು. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಸೀಸದ ತುಂಡು 11 ಕೆಜಿಗೂ ಜಾಸ್ತಿ ತೂಗುತ್ತದೆ. ಕಿಟ್ಟದಲ್ಲಿ ಇರುವುದು ಹೆಚ್ಚಾಗಿ ಕೋಬಾಲ್ಟ್-60 ಅನ್ನುವ ವಿಕಿರಣ ಸೂಸುವ ಲೋಹ. ಅದರ ಗಾಮಾ ಕಿರಣವನ್ನು ಬರೀ ಅರ್ಧಕ್ಕೆ ಇಳಿಸಲು ಸುಮಾರು 12 ಮಿಲಿಮೀಟರ್ ಸೀಸ ಬೇಕು. ಒಂದು ಚದರ ಮೀಟರ್‌ಗೆ ಲೆಕ್ಕ ಹಾಕಿದರೆ 136 ಕೆಜಿ. ಪೈಪಿನ ಆಸರೆಗಳು ಇಷ್ಟು ತಡೆಯುತ್ತವಾ ಅಂತ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪಿಗೆ ಕೊಟ್ಟ ಮೇಲೆ, ಆ ಮೊಣಕೈಯಷ್ಟಕ್ಕೇ ಹೊದಿಕೆ ಸುತ್ತಿದರು. ಚೈನ್ ಬ್ಲಾಕ್‌ಗೆ ತೊಲೆಯ ಕ್ಲ್ಯಾಂಪನ್ನೂ ಹೊರಗೇ ಜೋಡಿಸಿಕೊಂಡೆವು. ಏಣಿಯ ಮೇಲೆ ಆರು ನಿಮಿಷ ಆಗಬೇಕಾದದ್ದು ಒಂದೂವರೆ ನಿಮಿಷಕ್ಕೆ ಇಳಿಯಿತು. ಏಣಿ ಹತ್ತಿದ್ದು ನನ್ನ ಜೊತೆಗಾರ, ಹಿಂದಿನ ದಿನವೇ. ಸ್ಲಿಂಗ್ ನನ್ನ ಪಾಲಿಗೆ ಬಂತು. ಡೋಸ್ ಒಬ್ಬನ ಮೇಲೇ ಬೀಳಬಾರದು ಅಂತ ಹೀಗೆ ಹಂಚಿಕೊಂಡಿದ್ದೆವು.

ಕೆಲಸದ ದಿನ ಬೆಳಿಗ್ಗೆ ಪರ್ಮಿಟ್ ಓದಿ ಸಹಿ ಹಾಕಿದೆವು. ಎದೆಗೆ ಡೋಸ್ ದಾಖಲಿಸುವ ಬ್ಯಾಡ್ಜ್, ಪಕ್ಕದಲ್ಲಿ ಎಲೆಕ್ಟ್ರಾನಿಕ್ ಡೋಸಿಮೀಟರ್. ಗಂಟೆಗೆ 1 ಮಿಲಿಸೀವರ್ಟ್ ದಾಟಿದರೆ ಅದು ಕೂಗಬೇಕು.

ಒಳಗೆ ಹೋದಾಗ ವಾಲ್ವ್‌ಗೆ ನಾಲ್ಕೇ ಬೋಲ್ಟ್ ಉಳಿದಿದ್ದವು, ಉಳಿದದ್ದನ್ನು ಫಿಟ್ಟರ್‌ಗಳು ಬಿಚ್ಚಿ ಹೋಗಿದ್ದರು. ನಾನು ಸ್ಲಿಂಗ್ ಹಾಕಿದೆ. ಮೂರು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ. ಹಿಂದೆ ಬಂದು ಕೈ ಚೈನು ಹಿಡಿದೆ. ಹುಕ್ಕಿಗೂ ಸ್ಲಿಂಗ್‌ಗೂ ನಡುವೆ ತೂಕ ತೋರಿಸುವ ಲೋಡ್ ಸೆಲ್ ಇತ್ತು. ಅದರ ಅಂಕಿ ಬಾಗಿಲ ಹತ್ತಿರದ ಪರದೆಯಲ್ಲಿ ಮೇಸ್ತ್ರಿಗೆ ಕಾಣುತ್ತಿತ್ತು. 380 ಬರುವವರೆಗೆ ಎಳೆದು ನಿಲ್ಲಿಸಿದೆ. ಜೊತೆಗಾರ ಹೋಗಿ ಕೊನೆಯ ನಾಲ್ಕು ಬೋಲ್ಟ್ ತೆಗೆದ. ಈಗ ಮೇಸ್ತ್ರಿ ಏರಿಸು ಅಂತ ಸನ್ನೆ ಮಾಡಿದರು.

ಎಳೆದೆ. ವಾಲ್ವ್ ಏಳಲಿಲ್ಲ. ಇನ್ನೂ ಎಳೆದೆ. ಅಭ್ಯಾಸದಲ್ಲಿ ಈ ತೂಕಕ್ಕೆ ಕೈಗೆ ಬರುತ್ತಿದ್ದದ್ದು ಸುಮಾರು 12 ಕೆಜಿಯಷ್ಟು ಎಳೆತ. ಈಗ ಚೈನು ಬಿಗಿಯುತ್ತಿದೆ ಅಂತ ಅಂಗೈಗೆ ಗೊತ್ತಾಯಿತು. ನಾನು ಕೈ ನಿಲ್ಲಿಸುವುದಕ್ಕೂ ಮೇಸ್ತ್ರಿ ಮುಷ್ಟಿ ಎತ್ತುವುದಕ್ಕೂ ಸರಿ ಹೋಯಿತು. ಪರದೆಯಲ್ಲಿ 450. ಅದಕ್ಕಿಂತ ಮೇಲೆ ಹೋಗಬಾರದು ಅಂತ ಮೊದಲೇ ಬರೆದಿಟ್ಟಿದ್ದ ಮಿತಿ. ಸೋರದಂತೆ ನಡುವೆ ಹಾಕಿದ್ದ ಹಳೆಯ ಗ್ಯಾಸ್ಕೆಟ್, ಬೋಲ್ಟ್ ಹಾಕುವ ಪೈಪಿನ ಅಂಚಿಗೆ, ಅಂದರೆ ಫ್ಲ್ಯಾಂಜಿಗೆ, ಅಂಟಿಕೊಂಡು ವಾಲ್ವನ್ನು ಬಿಡುತ್ತಿರಲಿಲ್ಲ.

ಆ ಗಳಿಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಚೈನ್ ಬ್ಲಾಕ್ ಒಂದು ಟನ್ನಿನದು. 450 ಅದಕ್ಕೆ ಏನೂ ಅಲ್ಲ. ಇನ್ನೂ ಎರಡು ಸಲ ಜಗ್ಗಿದರೆ ಬಂದೇ ಬರುತ್ತದೆ ಅಂತ ಕೈ ಹೇಳುತ್ತಿತ್ತು. ಹೊರಗೆ ಬಂದು ಮತ್ತೆ ಒಳಗೆ ಹೋದರೆ ಡೋಸ್ ಜಾಸ್ತಿ ಆಗುತ್ತದಲ್ಲ ಅಂತ ತಲೆಯೂ ಸೇರಿಕೊಂಡಿತು. ಆದರೆ ಬಿಗಿದ ಚೈನಿನಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ. ಗ್ಯಾಸ್ಕೆಟ್ ತಟ್ಟನೆ ಬಿಟ್ಟರೆ 380 ಕೆಜಿಯ ಉಕ್ಕು ಮೇಲಕ್ಕೆ ಚಿಮ್ಮಿ, ಓಲಾಡಿ, ಪಕ್ಕದ ಪೈಪಿಗೋ ಮನುಷ್ಯನಿಗೋ ಬಡಿಯುತ್ತದೆ. ಅದೇ ಕಾರಣಕ್ಕೆ ಕೈ ಚೈನನ್ನು ಯಾವತ್ತೂ ಒಬ್ಬನೇ ಎಳೆಯಬೇಕು. ಒಬ್ಬನಿಂದ ಆಗದಿದ್ದರೆ ಎಲ್ಲೋ ಏನೋ ಸರಿಯಿಲ್ಲ ಅಂತಲೇ ಅರ್ಥ.

ಇದಕ್ಕೆ ತಿರುಗುಮುರುಗಾದ ಒಂದು ಘಟನೆಯನ್ನು ನಮಗೆ ತರಗತಿಯಲ್ಲಿ ಹೇಳಿದ್ದರು. 2018ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಒನೊಫ್ರೆ ಅಣು ಸ್ಥಾವರದಲ್ಲಿ ಬಳಸಿದ ಇಂಧನ ತುಂಬಿದ, ಸುಮಾರು 50 ಟನ್ನಿನ ಡಬ್ಬಿಯೊಂದನ್ನು ಗುಂಡಿಗೆ ಇಳಿಸುತ್ತಿದ್ದರು. ಡಬ್ಬಿ ಒಳಗಿನ ಅಂಚಿನ ಮೇಲೆ ಕೂತುಬಿಟ್ಟಿತು. ಸ್ಲಿಂಗ್‌ಗಳು ಸಡಿಲವಾದವು. ತಳ ಇನ್ನೂ ಸುಮಾರು 18 ಅಡಿ ಕೆಳಗಿತ್ತು, ಆದರೆ ಕೆಲಸಗಾರರು ತಳ ಮುಟ್ಟಿತು ಅಂದುಕೊಂಡರು. ಅದು ಹಾಗೆ ಆಸರೆಯಿಲ್ಲದೆ ಮುಕ್ಕಾಲು ಗಂಟೆಗೂ ಜಾಸ್ತಿ ಹೊತ್ತು ನಿಂತಿತ್ತು. ಬೀಳಲಿಲ್ಲ. ಹೊರೆ ಬಿಗಿಯಾದರೂ ಸಡಿಲವಾದರೂ ಯಾಕೆ ಅಂತ ಗೊತ್ತಾಗುವವರೆಗೆ ಮುಂದೆ ಹೋಗಬಾರದು ಅಂತ ಮೇಡಂ ಅದನ್ನು ವಿವರಿಸಿದ್ದರು. ಚೈನು ಹಿಡಿದು ನಿಂತಾಗ ನನಗೆ ಅದೇ ನೆನಪಾಯಿತು.

ಚೈನನ್ನು ಪೂರ್ತಿ ಸಡಿಲ ಬಿಡುವ ಹಾಗೂ ಇರಲಿಲ್ಲ. ನಾವು ಹೊರಗಿರುವಾಗ ಗ್ಯಾಸ್ಕೆಟ್ ಬಿಟ್ಟರೆ ವಾಲ್ವ್ ಬೀಳುತ್ತದೆ. 380ಕ್ಕೆ ಇಳಿಸಿದೆ. ಜೊತೆಗಾರ ಕೆಳಗಿನ ತೂತುಗಳಿಗೆ ಎರಡು ಬೋಲ್ಟ್ ವಾಪಸ್ ತೂರಿಸಿದ. ಅದಕ್ಕೆ ಒಂದು ನಿಮಿಷ, ಸುಮಾರು 7 ಮೈಕ್ರೋಸೀವರ್ಟ್. ಆ ಡೋಸ್ ಉಳಿಸಬಹುದಿತ್ತಾ? ಉಳಿಸಬಹುದಿತ್ತು. ಆದರೆ ಹೊರೆಯನ್ನು ನಂಬಿಕೆಯ ಮೇಲೆ ಬಿಟ್ಟು ಹೋಗುವುದು ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಅಪಾಯ. ಈಗ ಕೇಳಿದರೂ ಇದನ್ನೇ ಹೇಳುತ್ತೇನೆ.

ಹೊರಗೆ ಬಂದು ಮಾತಾಡಿಕೊಂಡೆವು. ಫ್ಲ್ಯಾಂಜ್‌ಗಳನ್ನು ದೂರ ಸರಿಸುವ ಸ್ಪ್ರೆಡರ್ ತಂದು ಫಿಟ್ಟರ್ ಒಬ್ಬರು ಒಳಗೆ ಹೋಗಿ ಎರಡೂ ಬದಿ ಕೊಟ್ಟರು. ಗ್ಯಾಸ್ಕೆಟ್ ಬಿಟ್ಟುಕೊಂಡಿತು. ಬೋಲ್ಟ್ ತೆಗೆದು ಬಂದರು. ಎರಡನೇ ಸಲ ನಾನು ಎಳೆದಾಗ ಅಂಕಿ 384ರಲ್ಲೇ ನಿಂತಿತು. ವಾಲ್ವ್ ಮೆಲ್ಲಗೆ ಮೇಲೆದ್ದಿತು. 5 ಸೆಂಟಿಮೀಟರ್‌ಗೆ ಕೈ ಬಿಟ್ಟು ಮೂಲೆಗೆ ಬಂದು ಎರಡು ನಿಮಿಷ ಬಿಳಿ ಗುರುತು ನೋಡುತ್ತಾ ನಿಂತೆ. ಕದಲಲಿಲ್ಲ.

ಹೊರೆ ಎತ್ತಿದಾಗ ವಿಕಿರಣದ ನಕ್ಷೆಯೇ ಬದಲಾಗುತ್ತದೆ. ವಾಲ್ವ್ ತಾನೇ ಒಂದು ಮೂಲ. ಜೊತೆಗೆ ಅದು ಪೈಪಿನ ಎರಡು ಬಾಯಿಗೂ ಮುಚ್ಚಳವಾಗಿತ್ತು. ಅದು ಎದ್ದ ಹಾಗೇ ಬಾಯಿಗಳು ತೆರೆದವು. ಪೈಪಿನ ನೇರಕ್ಕೆ ಟಾರ್ಚಿನ ಬೆಳಕಿನ ಹಾಗೆ ವಿಕಿರಣ ಬರುತ್ತದೆ, ಬದಿಗೆ ಅಷ್ಟು ಬರುವುದಿಲ್ಲ. ಅದಕ್ಕೇ ನಾವೆಲ್ಲ ಬದಿಯಲ್ಲಿ ನಿಂತಿದ್ದೆವು. ಬಾಯಿ ಮುಚ್ಚಲು ಉದ್ದ ಹಿಡಿಕೆಯ ಸೀಸದ ಮುಚ್ಚಳಗಳು ಜೊತೆಗಾರನ ಕೈಯಲ್ಲಿದ್ದವು. ಮೊದಲನೆಯದನ್ನು ಕೂರಿಸುವಾಗ ಅವನು ಸ್ವಲ್ಪ ಮುಂದಕ್ಕೆ ಬಾಗಿದ. ಅವನ ಡೋಸಿಮೀಟರ್ ಕೂಗಿತು.

ನಿಯಮ ಸ್ಪಷ್ಟವಾಗಿತ್ತು. ಅಲಾರ್ಮ್ ಆದರೆ ಎಲ್ಲರೂ ಹಿಂದೆ ಸರಿಯಬೇಕು. ಆದರೆ ತೂಗುತ್ತಿರುವ ಹೊರೆಯನ್ನು ಬಿಟ್ಟು ಹೋಗಬೇಡ ಅಂತ ಹನ್ನೊಂದು ವರ್ಷ ಕಲಿತ ಕೈ ಅದು. ಒಂದು ಗಳಿಗೆ ಚೈನು ಬಿಡಲು ಆಗಲಿಲ್ಲ. "ಬ್ರೇಕ್ ಹಿಡಿದಿದೆ. ಕೈ ಬಿಡು. ಹಿಂದೆ ಬಾ," ಅಂತ ಮೇಸ್ತ್ರಿ ಕೂಗಿದರು. ಮಾಸ್ಕ್ ಒಳಗಿಂದ ಬಂದ ದನಿ, ಆದರೂ ಸ್ಪಷ್ಟವಾಗಿ ಕೇಳಿಸಿತು. ಬಿಟ್ಟು ಬಂದೆ. ಮೂಲೆಯಲ್ಲಿ ಗಂಟೆಗೆ 10 ಮೈಕ್ರೋಸೀವರ್ಟ್ ಇದ್ದ ಜಾಗದಿಂದ ಎಲ್ಲರೂ ಹೊರೆಯ ಮೇಲೆ ಕಣ್ಣಿಟ್ಟು ನಿಂತೆವು. ಹೊರೆಯ ಕೆಳಗೆ ಯಾರೂ ಇರಲಿಲ್ಲ, ಬರದಂತೆ ಹಗ್ಗ ಕಟ್ಟಿತ್ತು. ಬ್ರೇಕ್ ಪರೀಕ್ಷೆ ಹತ್ತು ನಿಮಿಷ ಮೊದಲೇ ಆಗಿತ್ತು. ಹೊರೆಯನ್ನು ಬಿಟ್ಟು ಹಿಂದೆ ಬರಲು ಆದದ್ದು ಇದರಿಂದಲೇ.

ಮೇಡಂ ಉದ್ದ ಕೋಲಿನ ಮೀಟರ್ ಚಾಚಿ ಅಳೆದರು. ಬಾಯಿಯ ನೇರಕ್ಕೆ ಗಂಟೆಗೆ 6 ಮಿಲಿಸೀವರ್ಟ್, ಬದಿಗೆ 500 ಮೈಕ್ರೋಸೀವರ್ಟ್. ಜೊತೆಗಾರ ಆ ನೇರದಲ್ಲಿ ಇದ್ದದ್ದು ಎರಡು ಮೂರು ಸೆಕೆಂಡ್ ಅಷ್ಟೇ. ಅವನ ಡೋಸ್ ನೋಡಿ, ಸರಿಯಿದೆ ಅಂದ ಮೇಲೆ, ಈ ಸಲ ಬದಿಯಿಂದಲೇ ಎರಡೂ ಮುಚ್ಚಳ ಕೂರಿಸಿದ. ಆಮೇಲಿನದು ಸುಲಭ. ಹಿಡಿಕೆ ಆಡಿಸಿ ಎಳೆಯುವ ಲಿವರ್ ಹಾಯಿಸ್ಟ್‌ನಿಂದ ಬದಿಗೆ ಎಳೆದುಕೊಂಡು, ಹೊರೆಯನ್ನು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸಿ, ಪ್ಲಾಸ್ಟಿಕ್ ಹಾಸಿದ ಪೆಟ್ಟಿಗೆಯೊಳಗೆ ಇಳಿಸಿದೆವು.

ಹೊರಗೆ ಬರುವಾಗ ಉಡುಪು ಬಿಚ್ಚುವುದಕ್ಕೂ ಕ್ರಮ ಇದೆ. ಟೇಪು, ಹೊರಗಿನ ಕೈಗವಸು, ಮೇಲಿನ ಕವರಾಲನ್ನು ಒಳಗಿನದು ಹೊರಗಾಗುವಂತೆ ಸುತ್ತುತ್ತಾ ತೆಗೆಯಬೇಕು. ಮೈ ಪೂರ್ತಿ ನೋಡುವ ಮಾನಿಟರ್ ಹಸಿರು ತೋರಿಸಿತು. ನನ್ನ ಡೋಸ್ 53 ಮೈಕ್ರೋಸೀವರ್ಟ್. ಅಂದಾಜಿಗಿಂತ 8 ಜಾಸ್ತಿ. ಸುಮಾರು ಎಂಟು ದಿನದ ಸಹಜ ವಿಕಿರಣದಷ್ಟು.

ಸ್ಲಿಂಗ್‌ಗಳನ್ನು ಒಳಗೇ ಕತ್ತರಿಸಿ ಕಸದ ಚೀಲಕ್ಕೆ ಹಾಕಿದೆವು. ಕತ್ತರಿಸದಿದ್ದರೆ ಯಾರೋ ಒಬ್ಬರು ಚೆನ್ನಾಗಿದೆಯಲ್ಲ ಅಂತ ಮತ್ತೆ ಬಳಸಿಬಿಡುತ್ತಾರೆ. ಚೈನ್ ಬ್ಲಾಕ್‌ನ ಮೇಲಿನ ಚೀಲ ಬಿಚ್ಚಿ ಕಾಗದದಿಂದ ಒರೆಸಿ ಅಳೆದರೆ ಮೈ ಸ್ವಚ್ಛವಾಗಿತ್ತು. ಲೋಡ್ ಚೈನೂ ಹೆಚ್ಚುಕಡಿಮೆ ಸ್ವಚ್ಛ. ಕೈ ಚೈನಿನ ಕೆಳಭಾಗ ಮಾತ್ರ ಸ್ವಚ್ಛ ಇರಲಿಲ್ಲ. ಅಲಾರ್ಮ್ ಆದಾಗ ನಾನು ಚೈನು ಬಿಟ್ಟ ರಭಸಕ್ಕೆ ಅದು ಬಕೆಟ್‌ನಿಂದ ಹೊರಗೆ ಬಿದ್ದು ನೆಲ ಮುಟ್ಟಿತ್ತು. ನೀರು ಹಾಯಿಸಿ ತೊಳೆಯುವ ಹಾಗಿಲ್ಲ, ನೀರು ಬ್ರೇಕ್‌ಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ, ಒಂದೊಂದು ಕೊಂಡಿಯನ್ನೂ ಒರೆಸುತ್ತಾ, ಪ್ರತಿ ಸಲ ಬಟ್ಟೆ ಮಡಚಿ ಹೊಸ ಬದಿ ಬಳಸುತ್ತಾ ಹೋದೆವು. ಕೊಂಡಿಗೆ ಕೊಂಡಿ ತಾಗುವ ಒಳಮೂಲೆಯಲ್ಲಿ ಸ್ವಲ್ಪ ಉಳಿದೇ ಉಳಿಯಿತು. ಹಾಗಾಗಿ ಆ ಬ್ಲಾಕ್‌ಗೆ ಗುರುತು ಹಾಕಿ ನಿಯಂತ್ರಿತ ವಲಯದ ಸ್ಟೋರಿನಲ್ಲೇ ಇಟ್ಟರು. ಇನ್ನು ಅದು ಒಳಗಿನ ಕೆಲಸಕ್ಕೆ ಮಾತ್ರ.

ಸಂಜೆ ಕೆಲಸದ ದಾಖಲೆ ಬರೆಯುವಾಗ ಮೇಸ್ತ್ರಿ ಪೆನ್ನು ನನ್ನ ಕೈಗೆ ಕೊಟ್ಟರು. ಮುಂದೆ ಇದೇ ಕೋಣೆಗೆ ಬರುವವರಿಗಾಗಿ ನಾಲ್ಕು ಸಾಲು ಬರೆದೆ. ತೊಲೆಯ ಪಕ್ಕದ ಮೊಣಕೈಯನ್ನು ಮೊದಲು ಅಳೆಯಿರಿ. ಸ್ಪ್ರೆಡರ್ ಮೊದಲ ಸಲವೇ ಒಳಗೆ ಒಯ್ಯಿರಿ. ಮುಚ್ಚಳದ ಹಿಡಿಕೆ ಇನ್ನೂ ಅರ್ಧ ಮೀಟರ್ ಉದ್ದ ಇರಲಿ, ಆಗ ಬಾಗಬೇಕಾಗುವುದಿಲ್ಲ. ಕೈ ಚೈನಿಗೆ ಬಕೆಟ್ ಸಾಲದು, ಎತ್ತರದ ಡ್ರಮ್ ಇಡಿ. ಮೇಸ್ತ್ರಿ ಓದಿ ನೋಡಿ, ಡ್ರಮ್ ಎಷ್ಟು ಎತ್ತರ ಅಂತಲೂ ಬರೆ ಅಂದರು. ಅಳತೆಪಟ್ಟಿ ತರಲು ಅಭ್ಯಾಸದ ಕೋಣೆಗೆ ವಾಪಸ್ ಹೋದೆ.